ಭಯಕ್ಕೆ ಸಾಕ್ಷಿ ಎಲ್ಲಿಂದ ತರುವುದು?

1994ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಬಂದಿಳಿದಾಗ ಫೌಜಿಯಾ ಕಾಸಿಂಜಾಗೆ 17 ವರ್ಷ. ಪಶ್ಚಿಮ ಆಫ್ರಿಕಾದ ಟೋಗೊ ದೇಶದ ಹುಡುಗಿ. ಕೈಯಲ್ಲಿದ್ದ ಪಾಸ್‌ಪೋರ್ಟ್ ತನ್ನದಲ್ಲ ಎಂದು ಅಧಿಕಾರಿಗೆ ತಾನೇ ಹೇಳಿದಳು, ಆಶ್ರಯ ಕೊಡಿ ಎಂದು ಕೇಳಿಕೊಂಡಳು. ಅವಳ ತಂದೆ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಯನ್ನು ಒಪ್ಪದವರು. ಅವರು ಇರುವ ತನಕ ಮನೆಯ ಹೆಣ್ಣುಮಕ್ಕಳು ಅದರಿಂದ ಪಾರಾಗಿದ್ದರು. ಅವರು ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಸೋದರತ್ತೆಯ ಕೈಗೆ ಹೋಯಿತು. ಆಗಲೇ ಮೂವರು ಹೆಂಡಿರಿದ್ದ, 45 ವರ್ಷದ ಗಂಡಸಿಗೆ ಅವಳನ್ನು ಬಲವಂತವಾಗಿ ಮದುವೆ ಮಾಡಿಕೊಟ್ಟರು. ಸಂಸಾರ ಶುರುವಾಗುವ ಮೊದಲು ಆ ಕತ್ತರಿಸುವ ಶಾಸ್ತ್ರ ಮುಗಿಯಬೇಕೆಂದು ನಿಶ್ಚಯವಾಯಿತು. ಅಕ್ಕನ ನೆರವಿನಿಂದ ತಪ್ಪಿಸಿಕೊಂಡವಳು ಘಾನಾ ದಾಟಿ, ಜರ್ಮನಿಯಲ್ಲಿ ಕೆಲಕಾಲ ಇದ್ದು, ಅಮೆರಿಕಕ್ಕೆ ಬಂದಿದ್ದಳು.

ಅಲ್ಲಿ ಅವಳಿಗೆ ಸಿಕ್ಕಿದ್ದು ಜೈಲು. ಹದಿನಾರು ತಿಂಗಳು ಒಂದು ಬಂಧನ ಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸಿದರು. 1995ರ ಆಗಸ್ಟ್‌ನಲ್ಲಿ ವಿಚಾರಣೆ ನಡೆಯಿತು. ಅವಳ ಪರವಾಗಿ ನಿಂತದ್ದು ಇನ್ನೂ ಕಾನೂನು ಓದುತ್ತಿದ್ದ ಲೇಲಿ ಮಿಲ್ಲರ್ ಬಶೀರ್ ಎಂಬ ವಿದ್ಯಾರ್ಥಿನಿ. ಕತೆ ನಂಬುವಂತಿಲ್ಲ ಎಂದು ನ್ಯಾಯಾಧೀಶರು ಅರ್ಜಿ ತಳ್ಳಿಹಾಕಿದರು. ಮೇಲ್ಮನವಿಯನ್ನು ಕೈಗೆತ್ತಿಕೊಂಡವರು ಕ್ಯಾರೆನ್ ಮುಸಾಲೊ ಎಂಬ ವಕೀಲೆ. ಹುಡುಗಿಯ ಹೇಳಿಕೆಯ ಜೊತೆಗೆ ಟೋಗೊದಲ್ಲಿ ಆ ಪದ್ಧತಿ ಹೇಗೆ ನಡೆಯುತ್ತದೆ, ಪೊಲೀಸರ ಮೊರೆಹೋದ ಹೆಣ್ಣಿಗೆ ಏನಾಗುತ್ತದೆ ಎಂಬುದಕ್ಕೆಲ್ಲ ಅವರು ದಾಖಲೆ ಒಟ್ಟುಮಾಡಿದರು. 1996ರ ಜೂನ್ 13ರಂದು ವಲಸೆ ಮೇಲ್ಮನವಿ ಮಂಡಳಿ ಅವಳಿಗೆ ಆಶ್ರಯ ಕೊಟ್ಟಿತು. ಜನನಾಂಗ ಕತ್ತರಿಸುವುದು ಆಶ್ರಯ ಕಾನೂನಿನ ಅರ್ಥದಲ್ಲಿ ದಮನವೇ ಎಂದು ಆ ದೇಶದಲ್ಲಿ ಬಂದ ಮೊದಲ ಪೂರ್ವನಿದರ್ಶನ ಅದು. ಲೇಲಿ ಮರುವರ್ಷ ತಾಹಿರಿಹ್ ಜಸ್ಟಿಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿದರು. ಮುಸಾಲೊ 1999ರಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ಕಾಲೇಜೊಂದರಲ್ಲಿ ಹೆಣ್ಣುಮಕ್ಕಳ ಆಶ್ರಯ ಪ್ರಕರಣಗಳಿಗಾಗಿಯೇ ಅಧ್ಯಯನ ಕೇಂದ್ರ ಆರಂಭಿಸಿದರು.

ಹುಡುಗಿ ಅದೇ, ಅವಳ ಭಯವೂ ಅದೇ. ಒಬ್ಬರಿಗೆ ಸುಳ್ಳಾಗಿ ಕಂಡದ್ದು ಇನ್ನೊಂದು ಪೀಠಕ್ಕೆ ನಿಜವಾಗಿ ಕಂಡಿತು. ನಿರಾಶ್ರಿತರ ಪರ ವಾದಿಸುವವರ ಮತ್ತು ಅವರ ಅರ್ಜಿಯನ್ನು ತೀರ್ಮಾನಿಸುವವರ ವೃತ್ತಿ ಈ ಎರಡು ಫಲಿತಾಂಶಗಳ ನಡುವಿನ ಜಾಗದಲ್ಲಿ ನಡೆಯುತ್ತದೆ. ಆ ಜಾಗದಲ್ಲಿ ಏನು ನಡೆಯುತ್ತದೆ, ಅದನ್ನು ಯಾರು ನಡೆಸುತ್ತಾರೆ, ನಮ್ಮ ದೇಶದಲ್ಲಿ ಅಂಥ ಜಾಗ ಇದೆಯೇ ಎಂಬುದು ಈ ಬರಹದ ವಿಚಾರ.

ಈ ವೃತ್ತಿಯ ಕಾನೂನಿನ ಬುಡ 1951ರ ಜಿನೀವಾ ಒಪ್ಪಂದ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ ಎಂಬ ಐದರಲ್ಲಿ ಯಾವುದಾದರೊಂದು ಕಾರಣಕ್ಕೆ ದಮನಕ್ಕೊಳಗಾಗುವ ಸಕಾರಣ ಭಯ ಇರಬೇಕು. ಸ್ವಂತ ದೇಶದ ಹೊರಗಿರಬೇಕು. ಆ ದೇಶದ ರಕ್ಷಣೆ ಪಡೆಯುವ ಸ್ಥಿತಿಯಲ್ಲಿರಬಾರದು. ಇಷ್ಟಿದ್ದರೆ ಅವರು ನಿರಾಶ್ರಿತರು. ಅಪಾಯವಿರುವ ಕಡೆಗೆ ಅವರನ್ನು ಮರಳಿ ಅಟ್ಟಬಾರದು ಎಂದು ಒಪ್ಪಂದದ 33ನೇ ವಿಧಿ ಹೇಳುತ್ತದೆ. ಮೊದಲಿಗೆ ಯುರೋಪಿನ ಮಹಾಯುದ್ಧದ ಸಂತ್ರಸ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಒಪ್ಪಂದಕ್ಕಿದ್ದ ಕಾಲದ, ದೇಶದ ಮಿತಿಯನ್ನು 1967ರ ಪ್ರೋಟೊಕಾಲ್ ತೆಗೆದುಹಾಕಿತು. ಹಸಿವಿನಿಂದ, ಬರದಿಂದ, ಕೆಲಸವಿಲ್ಲದೆ ಹೊರಟವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಅದು ನ್ಯಾಯವೇ ಎಂಬುದು ಬೇರೆಯೇ ದೊಡ್ಡ ಚರ್ಚೆ.

ಭಯ ಸಕಾರಣವೇ ಎಂದು ಅಳೆಯುವುದು ಹೇಗೆ? ಆಗಿಹೋದದ್ದಕ್ಕೆ ಸಾಕ್ಷಿ ಕೇಳುವುದು ಉಳಿದ ನ್ಯಾಯಾಲಯಗಳ ರೂಢಿ. ಇಲ್ಲಿ ಮುಂದೆ ಆಗಬಹುದಾದದ್ದಕ್ಕೆ ಸಾಕ್ಷಿ ಬೇಕು, ಅದೂ ಮನೆಮಠ ಬಿಟ್ಟು ಓಡಿಬಂದವರಿಂದ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಿಕರಾಗುವಾದ ಮಹಿಳೆಯೊಬ್ಬರ ಪ್ರಕರಣದಲ್ಲಿ ಇದಕ್ಕೊಂದು ಅಳತೆ ಕೊಟ್ಟಿತು. ದಮನ ಆಗಿಯೇ ಆಗುತ್ತದೆಂದು, ಅಥವಾ ಆಗುವ ಸಾಧ್ಯತೆಯೇ ಹೆಚ್ಚೆಂದು ಸಾಧಿಸಬೇಕಿಲ್ಲ. ಹತ್ತರಲ್ಲಿ ಒಂದು ಪಾಲು ಸಾಧ್ಯತೆ ಇದ್ದರೂ ಭಯ ಸಕಾರಣವಾಗಬಹುದು ಎಂದಿತು. ಆ ಪ್ರಕರಣದಲ್ಲಿ ನಿರಾಶ್ರಿತೆಯ ಪರ ವಾದಿಸಿದವರು ಡಾನಾ ಮಾರ್ಕ್ಸ್ ಎಂಬ ವಕೀಲೆ. ಅದೇ ವರ್ಷ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಲಸೆ ನ್ಯಾಯಾಧೀಶೆಯಾದರು. 2021ರ ತನಕ, ಮೂವತ್ತಕ್ಕೂ ಹೆಚ್ಚು ವರ್ಷ, ತಾವೇ ಗೆದ್ದುಕೊಟ್ಟ ಅಳತೆಗೋಲನ್ನು ಹಿಡಿದು ತೀರ್ಪು ಬರೆದರು. ಮರಣದಂಡನೆಯ ತೂಕದ ಪ್ರಕರಣಗಳನ್ನು ಟ್ರಾಫಿಕ್ ಕೋರ್ಟಿನಂಥ ಏರ್ಪಾಡಿನಲ್ಲಿ ತೀರ್ಮಾನಿಸಬೇಕಾಗಿದೆ ಎಂದು ಅವರು ತಮ್ಮ ಕೆಲಸದ ಬಗ್ಗೆ ಬಹಿರಂಗವಾಗಿ ಹೇಳುತ್ತಿದ್ದ ಮಾತು ಆ ದೇಶದಲ್ಲಿ ಬಹಳ ಪ್ರಚಾರ ಪಡೆಯಿತು. ವಕೀಲರ ಮೇಜಿನಿಂದ ತೀರ್ಪಿನ ಪೀಠಕ್ಕೆ ಹೋಗುವ ಈ ದಾರಿಯಲ್ಲಿ ಹಲವರು ನಡೆದಿದ್ದಾರೆ. ಕೆನಡಾದ ಪೀಟರ್ ಶೌಲರ್ ಮೊದಲು ಬಡವರಿಗೆ ಕಾನೂನು ನೆರವು ಕೊಡುತ್ತಿದ್ದ ವಕೀಲರು. ಆಮೇಲೆ ನಿರಾಶ್ರಿತರ ಮಂಡಳಿಯ ಸದಸ್ಯರಾಗಿ, ಅಧ್ಯಕ್ಷರಾಗಿ, ನಿವೃತ್ತರಾದ ಮೇಲೆ ಕಾನೂನು ಪಾಠ ಹೇಳಿ, ವಿಚಾರಣೆಯ ಕೋಣೆಯೊಳಗಿನ ಬದುಕನ್ನು ಕತೆಗಳಾಗಿ ಬರೆದರು.

ವಕೀಲರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದರಲ್ಲಿ ವಾದಕ್ಕಿಂತ ಹೆಚ್ಚು ಹೊತ್ತು ಹೋಗುವುದು ಕೇಳಿಸಿಕೊಳ್ಳುವುದರಲ್ಲಿ. ಅನುಭವಿಸಿದವರು ತಮ್ಮ ಕತೆಯನ್ನು ಮೊದಲಿಂದ ಕೊನೆಗೆ ಹೇಳುವುದಿಲ್ಲ. ನಡುವಿನಿಂದ ಶುರುಮಾಡುತ್ತಾರೆ, ಅತಿ ಮುಖ್ಯವಾದದ್ದನ್ನು ನಾಚಿಕೆಯಿಂದಲೋ ಭಯದಿಂದಲೋ ನುಂಗಿಕೊಳ್ಳುತ್ತಾರೆ. ಅತ್ಯಾಚಾರದ ಸಂಗತಿ ಮೂರನೆಯ, ನಾಲ್ಕನೆಯ ಭೇಟಿಯಲ್ಲಿ ಹೊರಬರುವುದು ಈ ಕೆಲಸ ಮಾಡುವವರೆಲ್ಲ ಬಲ್ಲ ವಿಷಯ. ಹಾಗೆ ತಡವಾಗಿ ಹೇಳಿದ್ದೇ ಮುಂದೆ ವಿಚಾರಣೆಯಲ್ಲಿ ಅವರ ವಿರುದ್ಧ ತಿರುಗುತ್ತದೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ.

ತಾರೀಕಿನ ಪಾಡು ಇನ್ನೊಂದು. ಇಥಿಯೋಪಿಯಾದ ಪಂಚಾಂಗದಲ್ಲಿ ವರ್ಷಕ್ಕೆ 13 ತಿಂಗಳು. ನಮ್ಮ ಕ್ಯಾಲೆಂಡರಿಗಿಂತ ಅದು ಏಳೆಂಟು ವರ್ಷ ಹಿಂದಿದೆ. ಅಫ್ಘಾನಿಸ್ತಾನದವರು ಬಳಸುತ್ತಿದ್ದ ಸೌರಮಾನದ ವರ್ಷ ಮಾರ್ಚ್‌ನಲ್ಲಿ ಹುಟ್ಟುತ್ತದೆ. ಗಡಿಯಲ್ಲಿ ಅವಸರದಲ್ಲಿ ಯಾರೋ ಅಧಿಕಾರಿ ಹೀಗೊಂದು ತಾರೀಕನ್ನು ಲೆಕ್ಕಹಾಕಿ ಬರೆದುಕೊಂಡಿರುತ್ತಾರೆ, ಸಂದರ್ಶನದ ದಿನ ದುಭಾಷಿ ಇನ್ನೊಂದು ರೀತಿ ಲೆಕ್ಕ ಹಾಕುತ್ತಾರೆ. ಎರಡು ಕಾಗದಗಳ ನಡುವೆ ಒಂದು ವರ್ಷದ ಅಂತರ ಬಿತ್ತೆಂದರೆ ಅರ್ಜಿದಾರ ಸುಳ್ಳುಗಾರನಾಗುತ್ತಾನೆ. ಕ್ಯಾಲೆಂಡರನ್ನೇ ನೋಡದ ಹಳ್ಳಿಯವರಿಗೆ ಸುಗ್ಗಿ, ಹಬ್ಬ, ಮಗು ಹುಟ್ಟಿದ್ದು, ಮಸೀದಿಗೋ ಚರ್ಚಿಗೋ ಬೆಂಕಿ ಬಿದ್ದದ್ದು, ಇವೇ ಕಾಲದ ಗುರುತುಗಳು. ಒಳ್ಳೆಯ ವಕೀಲೆ ಆ ಗುರುತುಗಳನ್ನೇ ಹಿಡಿದು ಕಾಲಾನುಕ್ರಮ ಕಟ್ಟುತ್ತಾಳೆ, ತಾರೀಕನ್ನು ಅರ್ಜಿದಾರರ ಬಾಯಿಗೆ ತುರುಕುವುದಿಲ್ಲ. ದುಭಾಷಿ ಆಡುವುದು ಅರ್ಜಿದಾರರ ಸೀಮೆಯ ಮಾತೇ, ಅಥವಾ ಶತ್ರುಪಾಳಯದ ಮಾತೇ ಎಂದು ಮೊದಲೇ ವಿಚಾರಿಸುತ್ತಾಳೆ. ಮೈಮೇಲಿನ ಗಾಯದ ಕಲೆಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸುತ್ತಾಳೆ. ಚಿತ್ರಹಿಂಸೆಯ ಗುರುತುಗಳನ್ನು ಹೇಗೆ ನೋಡಬೇಕು, ಹೇಗೆ ಬರೆಯಬೇಕು ಎಂಬುದಕ್ಕೆ 1999ರಿಂದ ಇಸ್ತಾಂಬುಲ್ ಪ್ರೋಟೊಕಾಲ್ ಎಂಬ ಕೈಪಿಡಿ ಇದೆ. ಆ ಮೇಲೆ ದೇಶದ ಸ್ಥಿತಿಗತಿಯ ದಾಖಲೆ ಜೋಡಿಸಬೇಕು: ಆ ಜಿಲ್ಲೆಯಲ್ಲಿ ಆ ತಿಂಗಳು ಯಾರ ಕೈ ಮೇಲಾಗಿತ್ತು, ಆ ಪಕ್ಷದ ಕಾರ್ಯಕರ್ತರಿಗೆ ಏನಾಯಿತು, ಪೊಲೀಸರು ದೂರು ತೆಗೆದುಕೊಳ್ಳುತ್ತಾರೋ ಇಲ್ಲವೋ.

ಇಷ್ಟು ಮಾಡುವಾಗ ದಾಟಬಾರದ ಗೆರೆಯೂ ಒಂದಿದೆ. ಕತೆಯನ್ನು ತಿದ್ದಬಾರದು, ಗಟ್ಟಿಯಾಗಿಸಬಾರದು. ಸಂಕಟ ಕಂಡು ಕರುಳು ಕರಗಿದವರಿಗೆ ಇದು ಹೇಳುವಷ್ಟು ಸುಲಭವಲ್ಲ. ನಿರಾಶ್ರಿತರಿಗೆ ಕಾನೂನು ನೆರವು ಕೊಡುವವರು 2007ರಲ್ಲಿ ನೈರೋಬಿಯಲ್ಲಿ ಸೇರಿ ರೂಪಿಸಿದ ನೈತಿಕ ಸಂಹಿತೆ ಈ ಗೆರೆಯನ್ನು ಬರವಣಿಗೆಗೆ ಇಳಿಸಿತು. ಒಬ್ಬರ ಕತೆಗೆ ಹಚ್ಚಿದ ಬಣ್ಣ ಬಯಲಾದರೆ, ಅದೇ ಊರಿನಿಂದ ನಿಜ ಹೇಳಿಕೊಂಡು ಬರುವ ಮುಂದಿನ ಹತ್ತು ಜನರ ಮಾತಿಗೂ ಬೆಲೆ ಇಲ್ಲವಾಗುತ್ತದೆ.

ವಕೀಲರಿದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಜಯಾ ರಾಮ್ಜಿ-ನೊಗಾಲೆಸ್, ಆ್ಯಂಡ್ರೂ ಶೋನ್‌ಹೋಲ್ಟ್ಸ್, ಫಿಲಿಪ್ ಶ್ರಾಗ್ ಎಂಬ ಮೂವರು ವಿದ್ವಾಂಸರು ಅಮೆರಿಕದ ಆಶ್ರಯ ತೀರ್ಪುಗಳನ್ನು ಭಾರೀ ಸಂಖ್ಯೆಯಲ್ಲಿ ಪರಿಶೀಲಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಕೀಲರಿದ್ದ ಅರ್ಜಿದಾರರಲ್ಲಿ ಶೇ 45.6ರಷ್ಟು ಮಂದಿಗೆ ಆಶ್ರಯ ಸಿಕ್ಕಿತ್ತು, ಇಲ್ಲದವರಲ್ಲಿ ಶೇ 16.3ರಷ್ಟು ಮಂದಿಗೆ ಮಾತ್ರ. ಅದೇ ಅಧ್ಯಯನದ ಇನ್ನೊಂದು ಅಂಶ ನ್ಯಾಯಾಂಗದ ಬಗ್ಗೆ ಗೌರವವಿರುವ ಯಾರನ್ನೂ ಕಂಗೆಡಿಸಬೇಕು. ಮಿಯಾಮಿಯ ಒಂದೇ ಕಟ್ಟಡದಲ್ಲಿ, ಕೊಲಂಬಿಯಾದಿಂದ ಬಂದ ಅರ್ಜಿದಾರರಿಗೆ ಒಬ್ಬ ನ್ಯಾಯಾಧೀಶರ ಮುಂದೆ ಗೆಲ್ಲುವ ಅವಕಾಶ ಶೇ 5, ಇನ್ನೊಬ್ಬರ ಮುಂದೆ ಶೇ 88. ನ್ಯಾಯಾಧೀಶೆಯರು ಶೇ 53.8ರಷ್ಟು ಪ್ರಕರಣಗಳಲ್ಲಿ ಆಶ್ರಯ ಕೊಟ್ಟಿದ್ದರೆ ಪುರುಷ ನ್ಯಾಯಾಧೀಶರು ಕೊಟ್ಟದ್ದು ಶೇ 37.3ರಷ್ಟರಲ್ಲಿ. ಮೊದಲು ಸರ್ಕಾರದ ವಲಸೆ ಇಲಾಖೆಯಲ್ಲಿ ದುಡಿದು ಬಂದವರು ಬೇರೆಯವರಿಗಿಂತ ಕಡಿಮೆ ಆಶ್ರಯ ಕೊಟ್ಟಿದ್ದರು. ಅಂದಮೇಲೆ ತೀರ್ಪುಗಾರರು ಮೊದಲು ಯಾವ ಕಡೆ ಕುಳಿತು ಕೆಲಸ ಮಾಡಿದ್ದರು ಎಂಬುದು ಅವರ ವೈಯಕ್ತಿಕ ವಿಚಾರವಾಗಿ ಉಳಿಯುವುದಿಲ್ಲ. ಕೆನಡಾದಲ್ಲಿ ಶಾನ್ ರೆಹಾಗ್ ಎಂಬ ವಿದ್ವಾಂಸರು ವರ್ಷವರ್ಷವೂ ಇಂಥದೇ ಲೆಕ್ಕ ಹಾಕುತ್ತ ಬಂದಿದ್ದಾರೆ. ಅಲ್ಲೂ ಯಾರ ಪಾಲಿಗೆ ಮಂಡಳಿಯ ಯಾವ ಸದಸ್ಯರು ಬರುತ್ತಾರೆಂಬುದರ ಮೇಲೆ ಬಹಳಷ್ಟು ನಿಂತಿದೆ.

ತೀರ್ಪುಗಾರರು ಕೆಟ್ಟವರೆಂದು ಇದರ ಅರ್ಥವಲ್ಲ. ಅವರ ಕೈಲಿರುವ ಸಾಧನಗಳು ಬಹಳ ದುರ್ಬಲ. ಮಾತಿನಲ್ಲಿ ವೈರುಧ್ಯ ಬಂದರೆ ಸುಳ್ಳು, ವಿವರ ಇದ್ದರೆ ನಿಜ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರೆ ಪ್ರಾಮಾಣಿಕ ಎಂಬ ಲೋಕರೂಢಿಯೇ ಅವರಿಗೂ ಆಧಾರ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಜೇನ್ ಹರ್ಲಿಹಿ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಕೊಸೊವೊ, ಬೋಸ್ನಿಯಾಗಳಿಂದ ಬ್ರಿಟನ್ನಿಗೆ ಬಂದಿದ್ದ 39 ಜನರನ್ನು ಅವರು ಎರಡೆರಡು ಬಾರಿ ಮಾತಾಡಿಸಿದ್ದರು. ಇವರ್‍ಯಾರಿಗೂ ಸುಳ್ಳು ಹೇಳಿ ಗಳಿಸಬೇಕಾದದ್ದು ಏನೂ ಇರಲಿಲ್ಲ. ಆದರೂ ಎರಡು ಹೇಳಿಕೆಗಳ ನಡುವೆ ವ್ಯತ್ಯಾಸ ಬಂತು. ಘಟನೆಯ ತಿರುಳಿಗಿಂತ ಅಂಚಿನ ವಿವರಗಳಲ್ಲಿ ಅದು ಹೆಚ್ಚು. ಮಾನಸಿಕ ಆಘಾತ ತೀವ್ರವಾಗಿದ್ದವರಲ್ಲಿ, ಎರಡು ಭೇಟಿಗಳ ನಡುವಿನ ಅಂತರ ಬೆಳೆದಂತೆ ವ್ಯತ್ಯಾಸವೂ ಬೆಳೆದಿತ್ತು. ಬಾಗಿಲು ಒದ್ದು ಒಳಬಂದ ಸೈನಿಕರು ಐವರೋ ಏಳು ಮಂದಿಯೋ ಎಂಬ ಒಂದು ಪ್ರಶ್ನೆಯ ಮೇಲೆ ತಿರಸ್ಕೃತವಾದ ಅರ್ಜಿಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಹೆಚ್ಚು ನೊಂದವರ ಮಾತೇ ಹೆಚ್ಚು ತಡವರಿಸುತ್ತದೆ. ಅಂಥವರನ್ನೇ ಮೊದಲು ಕಾಪಾಡಬೇಕಾದ ವ್ಯವಸ್ಥೆ ಅವರನ್ನೇ ಮೊದಲು ಅನುಮಾನಿಸುತ್ತದೆ. ವಕೀಲೆಯಾಗಿದ್ದು ಆಮೇಲೆ ಸಂಶೋಧನೆಗೆ ಇಳಿದ ಹಿಲರಿ ಇವಾನ್ಸ್ ಕ್ಯಾಮೆರಾನ್ ಇದೇ ವಿಷಯದ ಮೇಲೆ 2018ರಲ್ಲಿ ಒಂದು ಪುಸ್ತಕ ಬರೆದರು. ಸಂಶಯ ಬಂದಾಗ ಯಾವ ಕಡೆ ತಪ್ಪಿದರೆ ಅನಾಹುತ ಹೆಚ್ಚು ಎಂದು ಕಾನೂನು ಮೊದಲು ನಿಶ್ಚಯಿಸಿಕೊಳ್ಳಬೇಕು ಎಂಬುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ. ಅನರ್ಹರಿಗೆ ಆಶ್ರಯ ಕೊಟ್ಟರೆ ಒಂದು ದೇಶಕ್ಕೆ ಆಗುವ ನಷ್ಟಕ್ಕೂ, ಅರ್ಹರನ್ನು ಹಿಂದಕ್ಕೆ ಕಳಿಸಿದರೆ ಆಗುವ ಅನಾಹುತಕ್ಕೂ ಸಮತೂಕವಿಲ್ಲ.

ಹಾಗೆಂದು ತೀರ್ಪು ಕೊಡುವುದು ಕರುಣೆ ಹಂಚುವ ಕೆಲಸವಲ್ಲ. ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ ಎಸಗಿದವರು ಆಶ್ರಯಕ್ಕೆ ಅರ್ಹರಲ್ಲ ಎಂದು ಒಪ್ಪಂದವೇ ಹೇಳುತ್ತದೆ. ರುವಾಂಡಾದಲ್ಲಿ ಜನಾಂಗದ್ವೇಷದ ಭಾಷಣ ಮಾಡಿ ಕೆನಡಾ ಸೇರಿದ್ದ ಲಿಯಾನ್ ಮುಗೆಸೆರಾನನ್ನು ಹೊರಹಾಕಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 2005ರಲ್ಲಿ. 2012ರಲ್ಲಿ ಅವನನ್ನು ಹಿಂದಕ್ಕೆ ಕಳಿಸಿದರು. ಇಲ್ಲ ಎನ್ನಬೇಕಾದಾಗ ಇಲ್ಲ ಎನ್ನುವುದೂ, ಅದಕ್ಕೆ ಕಾರಣ ಬರೆದು ಕೊಡುವುದೂ ಈ ಕುರ್ಚಿಯ ಜವಾಬ್ದಾರಿ. ಆ ಜವಾಬ್ದಾರಿ ಮನುಷ್ಯರನ್ನು ಹೈರಾಣಾಗಿಸುತ್ತದೆ. ಅಮೆರಿಕದ ವಲಸೆ ನ್ಯಾಯಾಧೀಶರ ದಣಿವನ್ನು ಅಳೆದ 2008ರ ಅಧ್ಯಯನವೊಂದರಲ್ಲಿ, ಜೈಲು ಅಧಿಕಾರಿಗಳಿಗಿಂತ, ಕಿಕ್ಕಿರಿದ ಆಸ್ಪತ್ರೆಗಳ ವೈದ್ಯರಿಗಿಂತ ಇವರೇ ಹೆಚ್ಚು ಬಸವಳಿದಿದ್ದಾರೆಂದು ಕಂಡುಬಂತು. ದಿನವಿಡೀ ಚಿತ್ರಹಿಂಸೆಯ ವಿವರ ಕೇಳಬೇಕು, ಎಷ್ಟು ಪ್ರಕರಣ ಮುಗಿಸಿದಿರಿ ಎಂಬ ಲೆಕ್ಕವನ್ನೂ ಒಪ್ಪಿಸಬೇಕು. ಅಲ್ಲಿನ ವಲಸೆ ನ್ಯಾಯಾಲಯಗಳಲ್ಲಿ ಬಾಕಿ ಬಿದ್ದಿರುವ ಪ್ರಕರಣಗಳು 30 ಲಕ್ಷ ದಾಟಿವೆ.

ಇನ್ನೊಂದು ಕುತ್ತು ಸ್ವಾತಂತ್ರ್ಯದ್ದು. ಅಮೆರಿಕದ ವಲಸೆ ನ್ಯಾಯಾಧೀಶರು ನ್ಯಾಯಾಂಗದವರಲ್ಲ, ಸರ್ಕಾರದ ನ್ಯಾಯ ಇಲಾಖೆಯ ನೌಕರರು. 2000ದ ದಶಕದ ಆರಂಭದಲ್ಲಿ ಆಗಿನ ಅಟಾರ್ನಿ ಜನರಲ್ ಮೇಲ್ಮನವಿ ಮಂಡಳಿಯ ಸದಸ್ಯರ ಸಂಖ್ಯೆಯನ್ನು 23ರಿಂದ 11ಕ್ಕೆ ಇಳಿಸಿದಾಗ, ಹೊರಹೋದವರಲ್ಲಿ ಹೆಚ್ಚಿನವರು ಅರ್ಜಿದಾರರ ಪರ ತೀರ್ಪು ಕೊಡುತ್ತಿದ್ದವರು. 2025ರಲ್ಲಿ ಮತ್ತೆ ಹಲವಾರು ವಲಸೆ ನ್ಯಾಯಾಧೀಶರನ್ನು ಸರ್ಕಾರ ಕೆಲಸದಿಂದ ತೆಗೆಯಿತು. ನೌಕರಿ ಹೋದೀತೆಂಬ ಅಂಜಿಕೆಯಲ್ಲಿ ಕುಳಿತವರು ಇನ್ನೊಬ್ಬರ ಅಂಜಿಕೆಯನ್ನು ನಿಷ್ಪಕ್ಷಪಾತವಾಗಿ ತೂಗುವುದು ಕಷ್ಟ.

ಕೆನಡಾದ ದಾರಿ ಬೇರೆ, ಅದನ್ನು ತೋರಿಸಿಕೊಟ್ಟವರಲ್ಲಿ ಹೆಚ್ಚಿನವರು ಭಾರತದಿಂದ ಹೋದ ಸಿಖ್ಖರು. 1980ರ ದಶಕದವರೆಗೂ ಅಲ್ಲಿ ಆಶ್ರಯ ಕೇಳಿದವರ ಹೇಳಿಕೆಯನ್ನು ಒಬ್ಬ ಅಧಿಕಾರಿ ಪ್ರಮಾಣ ಮಾಡಿಸಿ ಬರೆದುಕೊಳ್ಳುತ್ತಿದ್ದ. ಆ ಹಾಳೆಗಳು ಒಟ್ಟಾವಾಕ್ಕೆ ಹೋಗಿ, ಅಲ್ಲಿ ಸಲಹಾ ಸಮಿತಿಯೊಂದು ಓದಿ, ಮಂತ್ರಿಯ ಹೆಸರಲ್ಲಿ ತೀರ್ಮಾನವಾಗುತ್ತಿತ್ತು. ನಂಬಬೇಕೋ ಬೇಡವೋ ಎಂದು ನಿರ್ಧರಿಸುವವರ ಮುಖವನ್ನು ಅರ್ಜಿದಾರರು ಕಾಣುತ್ತಲೇ ಇರಲಿಲ್ಲ. ಹರಭಜನ್ ಸಿಂಗ್ ಮತ್ತು ಇತರರ ಪ್ರಕರಣದಲ್ಲಿ 1985ರ ಏಪ್ರಿಲ್ 4ರಂದು ಕೆನಡಾದ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ತಳ್ಳಿಹಾಕಿತು. ಆ ನೆಲದ ಮೇಲೆ ನಿಂತಿರುವ ಪ್ರತಿಯೊಬ್ಬ ಮನುಷ್ಯನಿಗೂ ಸಂವಿಧಾನದ ರಕ್ಷಣೆ ಇದೆ, ಮಾತು ನಂಬುವಂಥದೇ ಎಂಬ ಪ್ರಶ್ನೆ ಬಂದಾಗ ಎದುರು ಕೂರಿಸಿಕೊಂಡು ಕೇಳದೆ ತೀರ್ಮಾನಿಸುವಂತಿಲ್ಲ ಎಂದು ನ್ಯಾಯಮೂರ್ತಿ ಬರ್ಥಾ ವಿಲ್ಸನ್ ಬರೆದರು. ಅದರ ಫಲವಾಗಿ 1989ರಲ್ಲಿ ಸ್ವತಂತ್ರ ಮಂಡಳಿ ಹುಟ್ಟಿತು. ಆಗ ಒಂದೊಂದು ಅರ್ಜಿಯನ್ನೂ ಇಬ್ಬರು ಸದಸ್ಯರು ಕೇಳುತ್ತಿದ್ದರು. ಇಬ್ಬರಲ್ಲಿ ಒಬ್ಬರು ಒಪ್ಪಿದರೂ ಸಾಮಾನ್ಯವಾಗಿ ಆಶ್ರಯ ಸಿಗುತ್ತಿತ್ತು. ಸಂಶಯದ ಲಾಭ ಅರ್ಜಿದಾರರಿಗೆ ಎಂಬ ತತ್ವವನ್ನು ಕಟ್ಟಳೆಯಾಗಿಸಿದ ಇಂಥ ಏರ್ಪಾಡು ನನಗೆ ಬೇರೆಲ್ಲೂ ಕಂಡಿಲ್ಲ. 1993ರಲ್ಲಿ, ನೂರ್‌ಜಹಾನ್ ಮವಾನಿ ಅಧ್ಯಕ್ಷೆಯಾಗಿದ್ದಾಗ, ಹೆಣ್ಣೆಂಬ ಕಾರಣಕ್ಕೆ ದಮನಕ್ಕೊಳಗಾದವರ ಅರ್ಜಿಗಳನ್ನು ಹೇಗೆ ಕೇಳಬೇಕೆಂದು ಮಂಡಳಿ ಮಾರ್ಗಸೂಚಿ ಹೊರಡಿಸಿತು. ಜಗತ್ತಿನಲ್ಲೇ ಅದು ಮೊದಲು. ಆದರೆ 2002ರಲ್ಲಿ ಇಬ್ಬರ ಪೀಠ ಹೋಗಿ ಒಬ್ಬರಾದರು. ಅದಕ್ಕೆ ಪ್ರತಿಯಾಗಿ ಕಾಯ್ದೆಯಲ್ಲಿ ಮಾತುಕೊಟ್ಟಿದ್ದ ಮೇಲ್ಮನವಿ ವಿಭಾಗ ಕಣ್ಣುಬಿಟ್ಟದ್ದು 2012ರ ಕೊನೆಯಲ್ಲಿ. ನಡುವಿನ ಹತ್ತು ವರ್ಷ ಒಬ್ಬರೇ ಕೂತು ಹೇಳಿದ್ದನ್ನು ವಾಸ್ತವಾಂಶಗಳ ಮೇಲೆ ಪ್ರಶ್ನಿಸುವ ಮೇಲ್ಮನವಿಯೇ ಇರಲಿಲ್ಲ.

ಸರ್ಕಾರಗಳು ಈ ಕೆಲಸ ಮಾಡದ ಕಡೆ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ತಾನೇ ಸಂದರ್ಶನ ಮಾಡಿ ತೀರ್ಮಾನಿಸುತ್ತದೆ. ಕಾಪಾಡುವುದೂ ಅದೇ, ತೀರ್ಪು ಕೊಡುವುದೂ ಅದೇ, ಮೇಲ್ಮನವಿ ಕೇಳುವುದೂ ಅದೇ. ಆಕ್ಸ್‌ಫರ್ಡ್‌ನಲ್ಲಿ 1982ರಲ್ಲಿ ನಿರಾಶ್ರಿತರ ಅಧ್ಯಯನ ಕೇಂದ್ರ ಕಟ್ಟಿದ ಮಾನವಶಾಸ್ತ್ರಜ್ಞೆ ಬಾರ್ಬರಾ ಹ್ಯಾರೆಲ್-ಬಾಂಡ್ ಇಳಿವಯಸ್ಸಿನಲ್ಲಿ ಕೈರೊಗೆ ಹೋಗಿ ನಿಂತು, ಯುಎನ್‌ಎಚ್‌ಸಿಆರ್ ಮುಂದೆ ಹೋಗುವ ಸುಡಾನ್, ಸೊಮಾಲಿಯಾ ಕಡೆಯ ಅರ್ಜಿದಾರರಿಗೆ ಕಾನೂನು ನೆರವು ಕಟ್ಟಿಕೊಟ್ಟರು. ನಿರಾಶ್ರಿತರ ಪರ ಇರುವ ಸಂಸ್ಥೆಯ ಎದುರೂ ನಿರಾಶ್ರಿತರಿಗೆ ವಕೀಲರು ಬೇಕು ಎಂಬ ಅವರ ಹಟ ಆ ಕಾಲಕ್ಕೆ ಹಲವರಿಗೆ ಹಿಡಿಸಲಿಲ್ಲ. ತಿರಸ್ಕಾರಕ್ಕೆ ಕಾರಣ ತಿಳಿಸಬೇಕು, ಪ್ರತಿನಿಧಿಗೆ ಅವಕಾಶ ಇರಬೇಕು ಎಂಬ ನಿಯಮಗಳು ಆ ಸಂಸ್ಥೆಯಲ್ಲೂ ಬರಬರುತ್ತ ಗಟ್ಟಿಯಾದವು. ಇಂಥ ಹಟಮಾರಿಗಳು ಇಲ್ಲದಿದ್ದರೆ ಅವು ಬರುತ್ತಿದ್ದವೆಂದು ನಾನು ನಂಬುವುದಿಲ್ಲ.

ಇನ್ನು ನಮ್ಮ ದೇಶ. ಭಾರತ 1951ರ ಒಪ್ಪಂದಕ್ಕೂ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ; ನಿರಾಶ್ರಿತರ ಕಾಯ್ದೆಯೂ ಇಲ್ಲ. ಆದರೆ ನಿರಾಶ್ರಿತರನ್ನು ಕನ್ನಡಿಗರು ಅರಿಯದವರಲ್ಲ. 1960ರ ಹೊತ್ತಿಗೆ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಅವರ ವಸತಿಗಳು ಎದ್ದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಸಿಂಧನೂರಿನ ಆರ್‌ಎಚ್ ಎಂಬ ಪುನರ್ವಸತಿ ಕ್ಯಾಂಪುಗಳಲ್ಲಿ ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆದರು. ಇವರ್‍ಯಾರನ್ನೂ ಒಬ್ಬೊಬ್ಬರಾಗಿ ಕೂರಿಸಿ, ನಿನ್ನ ಭಯ ಸಕಾರಣವೇ ಎಂದು ಕೇಳಲಿಲ್ಲ. ಇಡೀ ಗುಂಪನ್ನು ಸರ್ಕಾರ ಒಪ್ಪಿಕೊಂಡಿತು. ಜಗತ್ತಿನ ಬಹುಪಾಲು ನಿರಾಶ್ರಿತರ ಪಾಡೂ ಹೀಗೆಯೇ. 2024ರ ಕೊನೆಗೆ ಇದ್ದ 4.27 ಕೋಟಿ ನಿರಾಶ್ರಿತರಲ್ಲಿ ವಿಚಾರಣೆಯ ಕೋಣೆ ಕಂಡವರು ಸಣ್ಣ ಭಾಗ. ಗುಂಪಾಗಿ ಒಪ್ಪುವುದು ಉದಾರವಾದದ್ದು, ಬೇಗ ಆಗುವಂಥದ್ದು. ಆದರೆ ಅದು ಸರ್ಕಾರದ ಮನಸ್ಸಿನ ಮೇಲೆ ನಿಂತದ್ದು. ಇನ್ನೊಂದು ಗುಂಪಿನ ಬಗ್ಗೆ ಮನಸ್ಸು ಮುನಿದರೆ ಕೇಳಲು ಯಾವ ಬಾಗಿಲೂ ಇರುವುದಿಲ್ಲ.

ಮ್ಯಾನ್ಮಾರ್, ಅಫ್ಘಾನಿಸ್ತಾನ ಮುಂತಾದ ಕಡೆಗಳಿಂದ ಬಂದವರ ಅರ್ಜಿಯನ್ನು 1981ರಿಂದ ದೆಹಲಿಯಲ್ಲಿರುವ ಯುಎನ್‌ಎಚ್‌ಸಿಆರ್ ಕಚೇರಿ ನೋಡುತ್ತದೆ, ಕಾರ್ಡ್ ಕೊಡುತ್ತದೆ. ಆ ಕಾರ್ಡಿಗೆ ನಮ್ಮ ಕಾಯ್ದೆಯಲ್ಲಿ ಸ್ಥಾನವಿಲ್ಲ. 2011ರಲ್ಲಿ ಗೃಹ ಸಚಿವಾಲಯ ಕಾರ್ಯವಿಧಾನವೊಂದನ್ನು ಹೊರಡಿಸಿ, ಯೋಗ್ಯರೆಂದು ಕಂಡವರಿಗೆ ದೀರ್ಘಾವಧಿ ವೀಸಾ ಕೊಡುವ ದಾರಿ ಮಾಡಿತು, 2019ರಲ್ಲಿ ಅದನ್ನು ತಿದ್ದಿತು. ವಿದೇಶಿಯರ ಮೇಲಿನ 1946ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂತು. ನಿರಾಶ್ರಿತರ ಅರ್ಜಿ ಕೇಳುವ ಪೀಠವನ್ನು ಅದೂ ಕಟ್ಟಲಿಲ್ಲ. ಹೀಗಾಗಿ ಈ ದೇಶದಲ್ಲಿ ನಿರಾಶ್ರಿತರ ವಕೀಲಿಕೆ ಎಂದರೆ ಜಾಮೀನು ಅರ್ಜಿ, ಹೇಬಿಯಸ್ ಕಾರ್ಪಸ್, ರಿಟ್. ಅರುಣಾಚಲದ ಚಕ್ಮಾ ನಿರಾಶ್ರಿತರನ್ನು ಹೊರಗಟ್ಟುವ ಬೆದರಿಕೆ ಬಂದಾಗ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 21ನೇ ವಿಧಿ ಪ್ರಜೆಗಳಲ್ಲದವರನ್ನೂ ಕಾಯುತ್ತದೆ ಎಂಬ ತೀರ್ಪು 1996ರಲ್ಲಿ ಬಂತು. 2021ರ ಮೇ 3ರಂದು ವಕೀಲೆ ನಂದಿತಾ ಹಕ್ಸರ್ ಅರ್ಜಿಯ ಮೇಲೆ ಮಣಿಪುರ ಹೈಕೋರ್ಟ್ ಮ್ಯಾನ್ಮಾರಿನ ಏಳು ಜನರಿಗೆ, ದೆಹಲಿಯ ಯುಎನ್‌ಎಚ್‌ಸಿಆರ್ ಕಚೇರಿ ತಲುಪಲು ಸುರಕ್ಷಿತ ದಾರಿ ಮಾಡಿಕೊಡಿ ಎಂದಿತು. ಅದಕ್ಕೆ ಒಂದು ತಿಂಗಳೂ ತುಂಬದ ಹಿಂದೆ, ಏಪ್ರಿಲ್ 8ರಂದು, ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟು, ಗಡೀಪಾರಾಗದಿರುವ ಹಕ್ಕು ಪ್ರಜೆಗಳಿಗೆ ಮಾತ್ರ ಇರುವ ವಾಸದ ಹಕ್ಕಿಗೆ ಅಂಟಿಕೊಂಡದ್ದು ಎಂದು ಹೇಳಿ ತಡೆ ಕೊಡಲಿಲ್ಲ. ಒಂದೇ ದೇಶ, ಅದೇ ಮ್ಯಾನ್ಮಾರಿನಿಂದ ಓಡಿಬಂದವರು, ಎರಡು ದಿಕ್ಕಿನ ಮಾತು.

ಕರ್ನಾಟಕ ಹೈಕೋರ್ಟಿನ 2013ರ ತೀರ್ಪೊಂದನ್ನು ಇಲ್ಲಿ ನೆನೆಯಬೇಕು. ಭಾರತದಲ್ಲೇ ಹುಟ್ಟಿದ ಟಿಬೆಟನ್ ಲಾಮಾ ಲಿಂಗ್ ರಿಂಪೊಚೆ ತಂದ ಅರ್ಜಿಯಲ್ಲಿ, 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಕಾಯ್ದೆಯಲ್ಲಿ ಅಷ್ಟು ವರ್ಷ ಇದ್ದೇ ಇದ್ದ ಸಾಲು ಅದು. ಯಾರಾದರೂ ಅದನ್ನು ಪೀಠದ ಮುಂದೆ ಓದಿ ತೋರಿಸಬೇಕಿತ್ತು. 2010ರಲ್ಲಿ ದೆಹಲಿಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವಕೀಲರು ಓದಿ ತೋರಿಸಿದರು. 2014ರಲ್ಲಿ ಚುನಾವಣಾ ಆಯೋಗ ಅವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು.

ಕಾಯ್ದೆ ತರುವ ಪ್ರಯತ್ನ ನಡೆದಿಲ್ಲವೆಂದಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದಲ್ಲಿ 1990ರ ದಶಕದಲ್ಲೇ ಮಾದರಿ ಕಾಯ್ದೆಯ ಕರಡು ಸಿದ್ಧವಾಗಿತ್ತು. ಸಂಸದ ಶಶಿ ತರೂರ್ 2015ರಲ್ಲಿ, ಮತ್ತೆ 2022ರಲ್ಲಿ ಖಾಸಗಿ ಮಸೂದೆ ತಂದರು. ಯಾವುದೂ ಮುಂದೆ ಹೋಗಲಿಲ್ಲ. ಭದ್ರತೆಯ ಆತಂಕ, ನೆರೆಯ ದೇಶಗಳೊಡನೆ ಸಂಬಂಧ ಕೆಟ್ಟೀತೆಂಬ ಅಳುಕು ಇದಕ್ಕೆ ಕೊಡುವ ಕಾರಣಗಳು. ಅವು ಹಗುರವಾದವಲ್ಲ, ಒಪ್ಪುತ್ತೇನೆ. ಆದರೆ ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ, ಅವರಲ್ಲಿ ಅಪಾಯಕಾರಿಗಳು ಯಾರು ಎಂದು ಒಬ್ಬೊಬ್ಬರನ್ನೂ ಕೂರಿಸಿ ಕೇಳುವ ಪೀಠವಿದ್ದರೆ ಭದ್ರತೆಗೂ ಲಾಭವೇ. ನಾವು ಕೊಡುತ್ತ ಬಂದಿರುವ ಆಶ್ರಯ ದೊಡ್ಡದು, ಅದಕ್ಕೆ ಹೆಮ್ಮೆಪಡಬೇಕು. ಅದರ ಜೊತೆಗೆ ಕಾರಣ ಕೊಡಬೇಕಾದ ಬಾಧ್ಯತೆಯಿರುವ ಒಬ್ಬರ ಎದುರು ಕುಳಿತು ತನ್ನ ಮಾತು ಹೇಳಿಕೊಳ್ಳುವ ಹಕ್ಕನ್ನೂ ಕೊಡಬೇಕು. ಅದಿಲ್ಲದ ಆಶ್ರಯ ಎಂದಾದರೂ ಹಿಂದೆ ತೆಗೆದುಕೊಳ್ಳಬಹುದಾದ ದಾನವಾಗಿಯೇ ಉಳಿಯುತ್ತದೆ.

ಈ ವೃತ್ತಿಗೆ ಬರಬೇಕೆಂದಿರುವ ನಮ್ಮ ಹುಡುಗ ಹುಡುಗಿಯರಿಗೆ ದಾರಿಗಳು ಹಲವು. ಕೆನಡಾದ ಮಂಡಳಿಯ ಸದಸ್ಯರಾಗಲು ಕಾನೂನು ಪದವಿಯೇ ಬೇಕೆಂದಿಲ್ಲ. ಅಮೆರಿಕದಲ್ಲಿ ವಲಸೆ ನ್ಯಾಯಾಧೀಶರಾಗಲು ಸಾಮಾನ್ಯವಾಗಿ ಏಳು ವರ್ಷದ ವಕೀಲಿಕೆ ಬೇಕು. ಫ್ರಾನ್ಸಿನ ಆಶ್ರಯ ನ್ಯಾಯಾಲಯದ ಮೂವರ ಪೀಠದಲ್ಲಿ ಒಬ್ಬರನ್ನು ಯುಎನ್‌ಎಚ್‌ಸಿಆರ್ ನೇಮಿಸುತ್ತದೆ. ಆ ಸಂಸ್ಥೆಯಲ್ಲೇ ಸಂದರ್ಶನ ಮಾಡುವ ಅಧಿಕಾರಿಗಳು, ಸ್ವಯಂಸೇವಕರು, ದುಭಾಷಿಗಳು ಇದ್ದಾರೆ. ಓದುವವರಿಗೆ ಬಿ.ಎಸ್. ಚಿಮ್ನಿ ಸಂಪಾದಿಸಿದ ಗ್ರಂಥ ಬಡದೇಶಗಳ ಕಣ್ಣಿನಿಂದ ಈ ಕಾನೂನನ್ನು ನೋಡಲು ಕಲಿಸುತ್ತದೆ. ಅಷ್ಟು ದೂರ ಹೋಗದೆಯೂ ಶುರುಮಾಡಬಹುದು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ವಿದೇಶಿಯರನ್ನು ಇರಿಸುವ ಬಂಧನ ಕೇಂದ್ರವಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರನ್ನು ಕೊಡುತ್ತದೆ, ಪ್ರಜೆಯಾಗಿರಬೇಕೆಂಬ ಷರತ್ತು ಅದರಲ್ಲಿಲ್ಲ. ಜಿಲ್ಲಾ ಪ್ರಾಧಿಕಾರದ ವಕೀಲರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡು, ಗೊತ್ತಿರುವ ದುಭಾಷಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗಿ, ಊರು ಯಾವುದು, ಯಾಕೆ ಬಿಟ್ಟು ಬಂದಿರಿ ಎಂದು ಕೇಳಲು ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ.